ಮುಂದಿನ ಟೈರಿನ ಒಳ ಅಂಚು ಮಾತ್ರ ಕಾದಿದ್ದರೆ

ಮದ್ರಾಸ್ ಸರ್ಕ್ಯೂಟ್‌ನಲ್ಲಿ ಕಾರು ಓಡಿಸಿ ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸಿ ನೋಡುವ ಜಾಗಕ್ಕೆ) ಬಂದು ಥರ್ಮಲ್ ಕ್ಯಾಮೆರಾ ಹಿಡಿದಾಗ ಮುಂದಿನ ಎಡ ಟೈರಿನ ಒಳ ಅಂಚು 96, ನಡುಭಾಗ 84, ಹೊರ ಅಂಚು 78 ಡಿಗ್ರಿ ತೋರಿಸಿತು, ಗಾಳಿ ಇಳಿಸಬೇಕೇ ಎಂದು ಕೇಳಿದ್ದೀರಿ. ಇಳಿಸಬೇಡಿ. ಗಾಳಿ ಹೆಚ್ಚಾಗಿದ್ದರೆ ನಡುಭಾಗವೇ ಹೆಚ್ಚು ಕಾದಿರುತ್ತಿತ್ತು. ನಿಮ್ಮಲ್ಲಿ ಅದು ಎರಡು ಅಂಚುಗಳ ಸರಾಸರಿಯಾದ 87ಕ್ಕಿಂತ ತುಸು ಕೆಳಗೇ ಇದೆ.

ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಕಾರಿನ ಒಳಕ್ಕೆ ವಾಲಿರುವುದು) ಅಥವಾ ಟೋ-ಔಟ್ (ಚಕ್ರಗಳ ಮುಂಭಾಗ ಹೊರಕ್ಕೆ ತಿರುಗಿರುವುದು) ಹೆಚ್ಚಾಗಿರಬಹುದು. ಆದರೆ ಅಲೈನ್‌ಮೆಂಟ್ ಮುಟ್ಟುವ ಮೊದಲು ಅಳತೆಯನ್ನೇ ಅನುಮಾನಿಸುವುದು ಒಳ್ಳೆಯದು: ಕ್ಯಾಮೆರಾಕ್ಕೆ ಕಾಣುವುದು ರಬ್ಬರಿನ ಮೇಲ್ಮೈ ಮಾತ್ರ, ಅದು ತಿರುವು ದಾಟಿದ ಕೆಲವೇ ಸೆಕೆಂಡುಗಳಲ್ಲಿ ಆರತೊಡಗುತ್ತದೆ, ಅಲ್ಲದೆ ಪಿಟ್ ದಾರಿಯಲ್ಲಿ ನೇರವಾಗಿ ಬರುವಾಗ ಕ್ಯಾಂಬರ್‌ನಿಂದಾಗಿ ಭಾರ ಒಳ ಅಂಚಿನತ್ತಲೇ ಬೀಳುವುದರಿಂದ ಹೊರ ಅಂಚು ಬೇಗ ತಣ್ಣಗಾಗುತ್ತದೆ. ಉಷ್ಣತೆ ಅಳೆಯುವ ಸೂಜಿ ಪೈರೋಮೀಟರನ್ನು ರಬ್ಬರಿನೊಳಕ್ಕೆ ಚುಚ್ಚಿ ಅದೇ ಮೂರು ಜಾಗಗಳನ್ನು ಅಳೆದು ಹೋಲಿಸಿ. ಕ್ಯಾಮೆರಾದ ಎಮಿಸಿವಿಟಿ (ಮೇಲ್ಮೈ ಎಷ್ಟು ಚೆನ್ನಾಗಿ ಶಾಖ ಸೂಸುತ್ತದೆ ಎಂಬ ಅಂಕಿ) ಸೆಟ್ಟಿಂಗ್ 0.95 ಆಸುಪಾಸಿನಲ್ಲಿರಲಿ, ಹೊಳೆಯುವ ಅಲಾಯ್ ರಿಮ್ ಮೇಲೆ ಕಾಣುವ ಅಂಕಿಯನ್ನಂತೂ ನಂಬಲೇಬೇಡಿ.

ಖರ್ಚಿಗೆ ಸಿದ್ಧರಿದ್ದರೆ, 32×24 ಪಿಕ್ಸೆಲ್‌ನ ಎಂಎಲ್‌ಎಕ್ಸ್90640 ಥರ್ಮಲ್ ಸೆನ್ಸರನ್ನು ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನು) ಒಳಗೆ ಕೂರಿಸಿ ಲಾಗ್ ಮಾಡಿದರೆ, ಟೈರಿನ ಮೇಲೆ ಭಾರ ಬಿದ್ದಿರುವಾಗಲೇ, ಅಂದರೆ ತಿರುವಿನ ನಡುವೆಯೇ, ಮೂರೂ ಭಾಗಗಳ ಉಷ್ಣತೆ ಸಿಗುತ್ತದೆ. ಲೆನ್ಸ್‌ಗೆ ರಬ್ಬರ್ ಪುಡಿ ಮೆತ್ತಿಕೊಳ್ಳುತ್ತದೆ, ಪ್ರತಿ ಸೆಷನ್ ನಂತರ ಒರೆಸಿ.