ಗೋಡೆಯಿಂದ ಆ ಫೋಟೋ ತೆಗೆಸಲೇ, ಅಕ್ಕಾ?

ಪ್ರಶ್ನೆ: ಅಕ್ಕಾ, ನಮ್ಮ ಮಗಳು ಎರಡನೇ ವರ್ಷದ ಬಿ.ಎ. ಓದುತ್ತಿದ್ದಾಳೆ. ಕೋಣೆಯ ಗೋಡೆಗೆ ಹಳೇ ಹಾಲಿವುಡ್ ನಟಿ ಮರ್ಲಿನ್ ಮನ್ರೋಳ ಮೂರು ದೊಡ್ಡ ಫೋಟೋ ಅಂಟಿಸಿದ್ದಾಳೆ. ಒಂದರಲ್ಲಿ ಬಿಳಿ ಫ್ರಾಕು ಗಾಳಿಗೆ ಹಾರುತ್ತಿದೆ. ಊರಿಂದ ಬಂದ ಅತ್ತೆ ಆ ಕೋಣೆಗೇ ಕಾಲಿಡುತ್ತಿಲ್ಲ. ಮಗಳು ಕನ್ನಡಿ ಮುಂದೆ ಅದೇ ಥರ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತಾಳೆ. ನಮ್ಮ ಕಾಲದಲ್ಲಿ ಇಂಥ ನಾಟಕ ಇರಲಿಲ್ಲ. ಮದುವೆಗೆ ಮುಂಚೆ ನನ್ನದು ಒಂದೇ ಫೋಟೋ, ಮುಂಬೈಯ ದಾದರಿನ ಸ್ಟುಡಿಯೋದಲ್ಲಿ ತೆಗೆಸಿದ್ದು, ಇಂದಿಗೂ ಹಾಲ್‌ನಲ್ಲಿದೆ. ಇವನ್ನು ತೆಗೆಸಿಬಿಡಲೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ತೆಗೆಸಬೇಡಿ, ತಂಗೀ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಹಾಲ್‌ನಲ್ಲಿರುವ ನಿಮ್ಮ ಫೋಟೋ ಮೇಲೆ. ದಾದರಿನ ಅಂಥದೇ ಒಂದು ಸ್ಟುಡಿಯೋದಲ್ಲಿ ಇಪ್ಪತ್ತಾರು ವರ್ಷ ಟಚಿಂಗ್, ಅಂದರೆ ಫೋಟೋ ತಿದ್ದುವ ಕೆಲಸ, ಮಾಡಿದವಳು ನಾನು. ಗಂಡಿನ ಕಡೆಗೆ ಕಳಿಸುವ ಫೋಟೋಗೆ ಒಂದು ಕ್ರಮವೇ ಇತ್ತು. ಜಡೆ ಹೆಗಲ ಮೇಲಿಂದ ಮುಂದೆ, ಗಲ್ಲ ತುಸು ಕೆಳಗೆ, ಹಲ್ಲು ಕಾಣದ ನಗು. ಕೈ ಎಲ್ಲಿಡಬೇಕೆಂದು ತೋಚದವರಿಗೆ ಪ್ಲಾಸ್ಟಿಕ್ ಹೂವಿನ ಸ್ಟ್ಯಾಂಡ್. ವಿರಾರ್ ಲೋಕಲ್ ರೈಲಿನಲ್ಲಿ ಮೊಣಕೈ ತೂರಿಸಿ ಜಾಗ ಮಾಡಿಕೊಂಡು ಬಂದ ಹುಡುಗಿಗೂ ನಾನೇ ಹೇಳುತ್ತಿದ್ದೆ: ‘ಸ್ವಲ್ಪ ನಾಚಿಕೊಳ್ಳಮ್ಮಾ.’ ಆಮೇಲೆ ಫಿಲ್ಮಿನ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್. ಅಲ್ಲಿ ಸೀಸ ತಾಗಿದಷ್ಟು ಜಾಗ ಪ್ರಿಂಟ್‌ನಲ್ಲಿ ಬೆಳ್ಳಗಾಗುತ್ತದೆ. ಕಣ್ಣ ಕೆಳಗಿನ ಕಪ್ಪು, ಮೊಡವೆಯ ಕಲೆ ಹೋಗುತ್ತಿದ್ದವು. ಎಷ್ಟೋ ಸಲ ಹುಡುಗಿಯ ಮೈಬಣ್ಣವೂ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮರ್ಲಿನ್ ಕಲಿತದ್ದೂ ಇದೇ ವಿದ್ಯೆ. 1944-45ರ ಸುಮಾರಿಗೆ ಸೇನೆಯ ಫೋಟೋಗ್ರಾಫರ್ ಡೇವಿಡ್ ಕಾನೋವರ್ ಕಣ್ಣಿಗೆ ಬಿದ್ದಾಗ ಅವಳು ನಾರ್ಮಾ ಜೀನ್, ಯುದ್ಧಕಾಲದ ಕಾರ್ಖಾನೆಯ ಕೆಲಸಗಾರ್ತಿ. ಹದಿನೆಂಟೋ ಹತ್ತೊಂಬತ್ತೋ ವರ್ಷ, ಹೆಚ್ಚುಕಮ್ಮಿ ನಿಮ್ಮ ಮಗಳ ವಯಸ್ಸು. ಕೂದಲಿಗೆ ಹೊಂಬಣ್ಣ ಬಂದದ್ದು ಆಮೇಲೆ. ನಗುವಾಗ ಮೇಲ್ತುಟಿಯನ್ನು ತುಸು ಕೆಳಗೆಳೆಯಬೇಕೆಂದು ಮಾಡೆಲಿಂಗ್ ಏಜೆನ್ಸಿಯಲ್ಲಿ ಹೇಳಿಕೊಟ್ಟರು. ಆ ಬಿಳಿ ಫ್ರಾಕಿನ ಗಾಳಿ ಕೂಡ ತಾನಾಗಿ ಬೀಸಿದ್ದಲ್ಲ. 1954ರ ಸೆಪ್ಟೆಂಬರ್ 15ರ ರಾತ್ರಿ, ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ, ಸಿನಿಮಾ ದೃಶ್ಯಕ್ಕೆಂದು ಸುರಂಗ ರೈಲಿನ ಜಾಲರಿಯ ಕೆಳಗೆ ಫ್ಯಾನ್ ಇಟ್ಟಿದ್ದರು. ಸುತ್ತ ಪತ್ರಿಕೆಗಳ ಫೋಟೋಗ್ರಾಫರುಗಳು, ಗದ್ದಲ ಮಾಡುವ ಜನ. ಅಷ್ಟರ ನಡುವೆ ಮತ್ತೆ ಮತ್ತೆ ಅದೇ ನಗು ತರಬೇಕಿತ್ತು. ಹೆಣ್ತನವೆಂದು ನಾವು ನೋಡುವುದರ ಹಿಂದೆ ಎಷ್ಟು ದುಡಿತವಿದೆ ನೋಡಿ.

ಮಗಳಿಗೆ ಇನ್ನೊಂದು ಸಂಗತಿ ಹೇಳಿ. 1962ರಲ್ಲಿ, ಮರ್ಲಿನ್ ಸಾಯುವುದಕ್ಕೆ ಕೆಲವೇ ವಾರ ಮುಂಚೆ, ಫೋಟೋಗ್ರಾಫರ್ ಬರ್ಟ್ ಸ್ಟರ್ನ್ ಲಾಸ್ ಏಂಜಲೀಸಿನ ಹೋಟೆಲೊಂದರಲ್ಲಿ ಅವಳ ಎರಡು ಸಾವಿರಕ್ಕೂ ಮಿಕ್ಕಿ ಫೋಟೋ ತೆಗೆದ. ತನಗೆ ಹಿಡಿಸದವುಗಳ ಮೇಲೆ ಅವಳೇ ಕಿತ್ತಳೆ ಬಣ್ಣದ ಗೀಟೆಳೆದಳು, ಅಡ್ಡಡ್ಡ, ಮುಖದ ಮೇಲೆಯೇ. ನಮ್ಮ ಸ್ಟುಡಿಯೋದಲ್ಲಿ ಪ್ರೂಫ್, ಅಂದರೆ ಮೊದಲು ತೋರಿಸುವ ಮಾದರಿ ಪ್ರಿಂಟ್, ನೋಡಿ ಆರಿಸುತ್ತಿದ್ದವರು ಅಪ್ಪ, ಅಣ್ಣ, ಕೆಲವೊಮ್ಮೆ ಸೋದರಮಾವ. ಇಪ್ಪತ್ತಾರು ವರ್ಷದಲ್ಲಿ ಒಬ್ಬಳೇ ಒಬ್ಬಳು ಹುಡುಗಿ ‘ಇದು ನಾನಲ್ಲ’ ಎಂದು ಪ್ರೂಫ್ ಹರಿದು ನನ್ನ ಕೈಗಿಟ್ಟಳು. ಅವಳ ಮುಖ ನಾನು ಮರೆತಿಲ್ಲ. ಮರ್ಲಿನ್ ಬೇಡವೆಂದ ಆ ಗೀಟಿನ ಫೋಟೋಗಳನ್ನೂ ಅವಳು ಸತ್ತ ಮೇಲೆ ಅಚ್ಚು ಹಾಕಿದರು. ಕಲೆ ಎನ್ನುತ್ತಾರೆ, ನನಗದು ಅನ್ಯಾಯವೇ. ಹಾಗಾಗಿ ನಿಮ್ಮ ಮಗಳು ಕನ್ನಡಿ ಮುಂದೆ ನಿಲ್ಲುವುದರ ಬಗ್ಗೆ ನನಗೆ ದಿಗಿಲಿಲ್ಲ. ಆ ಫೋಟೋ ಯಾರ ಮೊಬೈಲಿಗೆ ಹೋಗುತ್ತಿದೆ ಎಂದು ಕೇಳಿ. ಕೈಬಿಟ್ಟು ಹೋದ ಮೇಲೆ ಅವಳು ಎಳೆಯುವ ಗೀಟಿಗೆ ಬೆಲೆ ಇರುವುದಿಲ್ಲ.

ಅತ್ತೆಯವರು ಇರುವಷ್ಟು ದಿನ ಆ ಬಿಳಿ ಫ್ರಾಕಿನ ಫೋಟೋವನ್ನು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸುತ್ತೀಯಾ ಎಂದು ಮಗಳನ್ನೇ ಕೇಳಿ. ಅವಳಿಲ್ಲದಾಗ ನೀವು ಕೀಳಬೇಡಿ.

ನಿಮ್ಮ ಫೋಟೋದ ನೆಗೆಟಿವ್ ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕೆನ್ನೆಯ ಮೇಲೆ, ಕಣ್ಣ ಕೆಳಗೆ ಪೆನ್ಸಿಲಿನ ಸಣ್ಣ ಗೆರೆಗಳು ಕಂಡಾವು. ಮಗಳನ್ನೂ ಪಕ್ಕಕ್ಕೆ ಕರೆದು ತೋರಿಸಿ, ಆ ದಿನ ಕ್ಯಾಮೆರಾ ಮುಂದೆ ನಿಮಗೆ ಯಾರು ಏನೇನು ಹೇಳಿದರು ಎಂದು ಹೇಳಿ.