ವಾಲುವ ರೈಲು ‘ಯಕುಮೊ’: ಓದುಗರ ಪ್ರಶ್ನೆ, ನಮ್ಮ ಉತ್ತರ

ಜಪಾನಿನ ಯಕುಮೊ ರೈಲಿನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇದ್ದವು. ಅದು ತಿರುವಿನಲ್ಲಿ ಡಬ್ಬಿ ವಾಲುವುದು ಏಕೆ, ವಾಲಿದರೆ ಹೊಟ್ಟೆ ತೊಳಸುವುದು ಏಕೆ ಎಂಬುದು. ಹೀಗಾಗಿ ಜಾಗದಲ್ಲೂ ಅದಕ್ಕೇ ಸಿಂಹಪಾಲು.

ಯಕುಮೊ ಎಂದರೆ ಶಿಂಕಾನ್‌ಸೆನ್ ಬುಲೆಟ್ ರೈಲೇ? ಹೆಸರಿನ ಅರ್ಥವೇನು? (ತುಮಕೂರು)

ಅಲ್ಲ. ಇದು ‘ತೊಕ್ಯು’ ವರ್ಗದ ರೈಲು. ಎಂದರೆ ಹಳೆಯ ಕಿರುಹಳಿಯ ಮೇಲೆ ಕೆಲವೇ ನಿಲ್ದಾಣಗಳಲ್ಲಿ ನಿಂತು ಓಡುವ ಎಕ್ಸ್‌ಪ್ರೆಸ್. ಟಿಕೆಟ್ ದರದ ಮೇಲೆ ಪ್ರತ್ಯೇಕ ತೊಕ್ಯು ಶುಲ್ಕವೂ ಇರುತ್ತದೆ. ಹಳಿಗಳ ನಡುವಿನ ಅಂತರ 1067 ಮಿ.ಮೀ. ಮಾತ್ರ, ನಮ್ಮ ಬ್ರಾಡ್‌ಗೇಜ್‌ನದು 1676 ಮಿ.ಮೀ. ಶಿಂಕಾನ್‌ಸೆನ್‌ನಿಂದ ಒಕಯಾಮದಲ್ಲಿ ಇಳಿದವರನ್ನು ಹತ್ತಿಸಿಕೊಂಡು ಬೆಟ್ಟಸಾಲು ದಾಟಿಸಿ, ಜಪಾನ್ ಸಮುದ್ರದ ಕಡೆಯ ಯೊನಾಗೊ, ಮತ್ಸುಎ, ಇಜುಮೊಶಿಗೆ ತಲುಪಿಸುವುದು ಇದರ ಕೆಲಸ. ದೂರ ಸುಮಾರು 220 ಕಿ.ಮೀ., ಹಿಡಿಯುವ ಹೊತ್ತು ಹೆಚ್ಚುಕಡಿಮೆ ಮೂರು ಗಂಟೆ. ಸರಾಸರಿ ಗಂಟೆಗೆ 73 ಕಿ.ಮೀ. ಎಂದಾಗ ‘ಇಷ್ಟೇನಾ?’ ಅನ್ನಿಸುವುದು ಸಹಜ. ಆದರೆ ನದಿಯ ಅಂಚಿಗೆ ಅಂಟಿಕೊಂಡು ಸುತ್ತುವ ಹಕುಬಿ ಮಾರ್ಗವನ್ನು ನಕ್ಷೆಯಲ್ಲಿ ಬೆರಳಿಟ್ಟು ನೋಡಿ, ಆಮೇಲೆ ಮಾತಾಡೋಣ.

ಶಿಂಕಾನ್‌ಸೆನ್ ಒಕಯಾಮದವರೆಗೆ ಬಂದ 1972ರ ಮಾರ್ಚ್ 15ರಂದೇ ಯಕುಮೊ ಕೂಡ ಡೀಸೆಲ್ ರೈಲಾಗಿ ಹುಟ್ಟಿತು. 1982ರ ಜುಲೈನಲ್ಲಿ ಮಾರ್ಗಕ್ಕೆ ವಿದ್ಯುತ್ ಬಂದಾಗ ವಾಲುವ 381 ಸರಣಿಯ ಡಬ್ಬಿಗಳು ಬಂದವು. ‘ಯಕುಮೊ’ ಎಂದರೆ ಅಕ್ಷರಶಃ ಎಂಟು ಮೋಡ, ಅಂದರೆ ಪದರ ಪದರವಾಗಿ ಏಳುವ ಮೋಡಗಳು. ಸುಸಾನೊಒ ದೇವರು ಹಾಡಿದನೆಂದು ಹೇಳುವ ಇಜುಮೊ ಸೀಮೆಯ ಪುರಾತನ ಪದ್ಯದ ಮೊದಲ ಪದವದು.

ಬೈಕು ತಿರುವಿನಲ್ಲಿ ವಾಲಿದರೆ ಹಿಡಿತ ಸಿಗುತ್ತದೆ. ರೈಲೂ ಹಾಗೆಯೇ ಹಳಿ ತಪ್ಪದಿರಲೆಂದು ವಾಲುತ್ತದೆಯೇ? (ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ)

ಇಲ್ಲ, ಮತ್ತು ಈ ತಪ್ಪು ತಿಳಿವಳಿಕೆ ಬಹಳ ಜನರಿಗಿದೆ. ಬೈಕು ವಾಲದಿದ್ದರೆ ಬೀಳುತ್ತದೆ. ರೈಲು ವಾಲದಿದ್ದರೆ ಏನೂ ಬೀಳುವುದಿಲ್ಲ, ನಿಮ್ಮ ಕೈಯಲ್ಲಿರುವ ಚಹಾ ಚೆಲ್ಲುತ್ತದೆ ಅಷ್ಟೇ. ವಾಲುವುದು ಒಳಗೆ ಕುಳಿತವರ ಸುಖಕ್ಕಾಗಿ. ಹಳಿಯ ಮೇಲೆ ಗಾಲಿ ಪಕ್ಕಕ್ಕೆ ಒತ್ತುವ ಬಲ ಅದರಿಂದ ಕಿಂಚಿತ್ತೂ ಕಡಿಮೆಯಾಗುವುದಿಲ್ಲ.

ಲೆಕ್ಕ ಮಾಡಿಯೇ ನೋಡಿ. ತಿರುವಿನ ತ್ರಿಜ್ಯ 400 ಮೀಟರ್, ವೇಗ ಗಂಟೆಗೆ 97 ಕಿ.ಮೀ., ಎಂದರೆ ಸೆಕೆಂಡಿಗೆ ಸುಮಾರು 27 ಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಹೊರಕ್ಕೆ ತಳ್ಳುವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 1.81 ಮೀಟರ್ ಬರುತ್ತದೆ. ಹೊರಗಿನ ಹಳಿಯನ್ನು 105 ಮಿ.ಮೀ. ಎತ್ತರಿಸಿದೆ ಎಂದಿಟ್ಟುಕೊಳ್ಳಿ (ನಮ್ಮ ರೈಲ್ವೆಯವರು ಇದನ್ನು ಸೂಪರ್ ಎಲಿವೇಶನ್ ಎನ್ನುತ್ತಾರೆ). 105ನ್ನು 1067ರಿಂದ ಭಾಗಿಸಿ ಗುರುತ್ವದ ವೇಗೋತ್ಕರ್ಷವಾದ 9.8ರಿಂದ ಗುಣಿಸಿದರೆ 0.96. ಅಷ್ಟನ್ನು ಹಳಿಯ ಓರೆಯೇ ನುಂಗಿತು. ಉಳಿದದ್ದು 0.85, ಎಂದರೆ ಗುರುತ್ವದ ಶೇ. 8.7. ಕುಳಿತವರು ಸಹಿಸುವ ಮಿತಿ ಎಂದು ಜಪಾನಿನಲ್ಲಿ ಇಟ್ಟುಕೊಂಡಿರುವುದು ಸುಮಾರು ಶೇ. 8. ಈಗ ಡಬ್ಬಿಯನ್ನು ಒಳಕ್ಕೆ 5 ಡಿಗ್ರಿ ವಾಲಿಸಿ: 5 ಡಿಗ್ರಿಯ ಸೈನ್ 0.087, ಅದನ್ನು 9.8ರಿಂದ ಗುಣಿಸಿದರೆ 0.85. ಬಾಕಿ ಸೊನ್ನೆ! ಚಹಾ ಅಲ್ಲಾಡದೆ ನಿಂತಿತು. ಆದರೆ ಗಾಲಿಗೂ ಹಳಿಗೂ ನಡುವಿನ ಲೆಕ್ಕದಲ್ಲಿ ಆ 0.85 ಹಾಗೆಯೇ ಇದೆ.

ಆದ್ದರಿಂದ ವಾಲುವ ಡಬ್ಬಿ ತಂದ ಮಾತ್ರಕ್ಕೆ ವೇಗ ಏರಿಸಲಾಗದು. ಡಬ್ಬಿ ಹಗುರವಾಗಿರಬೇಕು, ಅದರ ಭಾರ ಕೆಳಗಿರಬೇಕು, ಹಳಿ ಗಟ್ಟಿಯಾಗಿರಬೇಕು. 381ರ ಮೈ ಅಲ್ಯೂಮಿನಿಯಮ್ಮಿನದು. ಚಾವಣಿಯ ಮೇಲಿರಬೇಕಾದ ಏಸಿ ಯಂತ್ರವನ್ನು ನೆಲದಡಿಗೆ ಇಳಿಸಿದ್ದರು. ವಾಲಿದಾಗ ಅಂಚು ಪಕ್ಕದ ಕಂಬಕ್ಕೆ ತಾಗಬಾರದೆಂದು ಡಬ್ಬಿಯ ಮೈಯನ್ನು ಮೇಲೂ ಕೆಳಗೂ ಕಿರಿದು ಮಾಡಿದ್ದಾರೆ. ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಪ್ಯಾಂಟೊಗ್ರಾಫ್ ಚಾವಣಿಗೇ ಬಿಗಿದಿರುವುದರಿಂದ ಡಬ್ಬಿ ವಾಲಿದಾಗ ಅದೂ ಒಂದು ಗೇಣಿನಷ್ಟು ಪಕ್ಕಕ್ಕೆ ಸರಿಯುತ್ತದೆ. ಅದಕ್ಕೆ ತಕ್ಕಂತೆ ತಿರುವುಗಳಲ್ಲಿ ಮೇಲಿನ ತಂತಿಯನ್ನೂ ಹೊಂದಿಸಬೇಕಾಗುತ್ತದೆ.

ಹಳೆಯ ಯಕುಮೊದಲ್ಲಿ ಪ್ರಯಾಣಿಕರಿಗೆ ವಾಂತಿ ಚೀಲ ಇಡುತ್ತಿದ್ದರಂತೆ. ಸುಖಕ್ಕೆಂದು ಮಾಡಿದ ವ್ಯವಸ್ಥೆಯಿಂದಲೇ ತಲೆ ಸುತ್ತಿದರೆ ಏನರ್ಥ? (ಕುಂದಾಪುರ)

ಚೀಲ ಇಡುತ್ತಿದ್ದದ್ದು ನಿಜ. ಒಳಾಂಗಣ ನವೀಕರಿಸಿ ‘ಯುತ್ತರಿ ಯಕುಮೊ’ (ಆರಾಮದ ಯಕುಮೊ) ಎಂದು ಹೆಸರಿಟ್ಟಾಗ ಜನ ಅದನ್ನು ‘ಗುತ್ತರಿ ಹಕುಮೊ’ ಎಂದು ತಿರುಚಿದರು. ಗುತ್ತರಿ ಎಂದರೆ ಸುಸ್ತು, ಹಕು ಎಂದರೆ ವಾಂತಿ ಮಾಡು.

ಕಾರಣ ವಾಲುವುದರಲ್ಲಿಲ್ಲ, ತಡವಾಗಿ ವಾಲುವುದರಲ್ಲಿದೆ. ನಾವು ಇಡೀ ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ. ಎಂಜಿನಿಯರುಗಳಿಗೆ ಬೋಗಿ ಎಂದರೆ ಡಬ್ಬಿಯ ಕೆಳಗಿನ ನಾಲ್ಕು ಗಾಲಿಗಳ ಚೌಕಟ್ಟು. 381ರಲ್ಲಿ ಈ ಚೌಕಟ್ಟಿಗೂ ಡಬ್ಬಿಗೂ ನಡುವೆ ಬಾಗಿದ ತಳದ ತೊಲೆಯೊಂದು ಉರುಳೆಗಳ ಮೇಲೆ ಕೂತಿದೆ. ಅದು ತೂಗುವ ಕೇಂದ್ರ ಡಬ್ಬಿಯ ಭಾರಕೇಂದ್ರಕ್ಕಿಂತ ಮೇಲಿದೆ. ತಿರುವಿನಲ್ಲಿ ಕೆಳಭಾಗ ಹೊರಕ್ಕೆ ತೂಗುತ್ತದೆ, ಮೇಲ್ಭಾಗ ಒಳಕ್ಕೆ ಬಾಗುತ್ತದೆ, ಥೇಟ್ ಜೋಕಾಲಿಯ ಹಾಗೆ. ಮೋಟಾರಿಲ್ಲ, ಕಂಪ್ಯೂಟರಿಲ್ಲ. ಆದರೆ ಉರುಳೆಗೆ ಘರ್ಷಣೆ ಇದೆ. ತಿರುವಿಗೆ ಹೊಕ್ಕ ಮೊದಲ ಕ್ಷಣಗಳಲ್ಲಿ ಬಲ ಸಾಲದೆ ಡಬ್ಬಿ ಸುಮ್ಮನಿರುತ್ತದೆ, ಆಮೇಲೆ ತಟ್ಟನೆ ವಾಲುತ್ತದೆ. ತಿರುವು ಮುಗಿದ ಮೇಲೂ ವಾಲಿಯೇ ಇದ್ದು ತಡವಾಗಿ ನೆಟ್ಟಗಾಗುತ್ತದೆ. ಎಡ ತಿರುವಿನ ಬೆನ್ನಿಗೇ ಬಲ ತಿರುವು ಬಂದರಂತೂ ಎಡಕ್ಕೆ ಬಾಗಿದ ಮೈ ಬಲಕ್ಕೆ ಹೊರಳುವಷ್ಟರಲ್ಲಿ ಮತ್ತೊಂದು ತಿರುವು. ಕಣ್ಣು ಹೇಳುವುದು ಒಂದು, ಕಿವಿಯೊಳಗಿನ ಸಮತೋಲ ಹೇಳುವುದು ಇನ್ನೊಂದು. ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಬಾರಿ ಆಗುವ ಇಂಥ ನಿಧಾನ ತೂಗಾಟವೇ ಹೊಟ್ಟೆಗೆ ಆಗಿಬರದು. ಹಡಗಿನಲ್ಲಿ ಆಗುವುದೂ ಇದೇ.

ಹಾಗೆಂದು 381ನ್ನು ಹಳಿಯುವುದು ನ್ಯಾಯವಲ್ಲ. 1973ರಲ್ಲಿ ನಗೋಯ ಮತ್ತು ನಗಾನೊ ನಡುವಿನ ‘ಶಿನಾನೊ’ ರೈಲಿನಲ್ಲಿ ಇದು ಓಡತೊಡಗಿದಾಗ, ಸಾಮಾನ್ಯ ಡಬ್ಬಿಗಿಂತ ತಿರುವುಗಳಲ್ಲಿ ಗಂಟೆಗೆ 20 ಕಿ.ಮೀ.ವರೆಗೆ ಹೆಚ್ಚು ವೇಗ ಸಿಕ್ಕಿತು. ಹೊಸ ಸುರಂಗ ಕೊರೆಯದೆ ಪ್ರಯಾಣದ ಹೊತ್ತು ಉಳಿಯಿತು.

2024ರಲ್ಲಿ ಬಂದ ಹೊಸ 273 ಸರಣಿಯಲ್ಲಿ ಏನು ಬದಲಾಗಿದೆ? (ಮೈಸೂರು)

ತಡವಾಗಿ ವಾಲುವುದನ್ನು ಹೋಗಲಾಡಿಸಿದ್ದಾರೆ. ನಡುವೆ ಒಂದು ಹಂತವಿದೆ, ಅದನ್ನು ಮೊದಲು ಹೇಳಬೇಕು. 1989ರಲ್ಲಿ ಶಿಕೊಕು ದ್ವೀಪದ 2000 ಸರಣಿಯ ಡೀಸೆಲ್ ರೈಲಿನಲ್ಲಿ ನಿಯಂತ್ರಿತ ಲೋಲಕ (ಜೋಕಾಲಿಯಂತೆ ತೂಗುವ ಡಬ್ಬಿಗೆ ಕಂಪ್ಯೂಟರಿನ ಹಿಡಿತ) ಬಂತು. ಮಾರ್ಗದ ಪ್ರತಿ ತಿರುವಿನ ವಿವರ ರೈಲಿನ ಕಂಪ್ಯೂಟರಿನಲ್ಲಿರುತ್ತದೆ. ತಿರುವು ಬರುವ ತುಸು ಮೊದಲೇ ಗಾಳಿಯ ಸಿಲಿಂಡರ್ ಡಬ್ಬಿಯನ್ನು ಮೆಲ್ಲಗೆ ತಳ್ಳಿ ವಾಲಿಸತೊಡಗುತ್ತದೆ. ತೊಡಕು ಒಂದೇ: ರೈಲು ಈಗ ಸರಿಯಾಗಿ ಎಲ್ಲಿದೆ ಎಂದು ಗೊತ್ತಿರಬೇಕು. ಅದನ್ನು ಗಾಲಿ ಎಷ್ಟು ಸುತ್ತಿತು ಎಂದು ಎಣಿಸಿ ತಿಳಿಯುತ್ತಾರೆ. ಮಳೆಯಲ್ಲಿ ಗಾಲಿ ಜಾರಿದರೆ, ಸವೆದು ವ್ಯಾಸ ಕಿರಿದಾಗಿದ್ದರೆ ಎಣಿಕೆ ತಪ್ಪುತ್ತದೆ. ಹಳಿಯ ನಡುವೆ ಅಲ್ಲಲ್ಲಿ ಇರುವ ಸಿಗ್ನಲ್ ಸುರುಳಿಗಳ ಮೇಲೆ ಹಾಯುವಾಗ ಅದನ್ನು ತಿದ್ದಿಕೊಳ್ಳಬೇಕು. ಎರಡು ಸುರುಳಿಗಳ ನಡುವೆ ದೂರವಿದ್ದಷ್ಟೂ ತಪ್ಪು ಬೆಳೆಯುತ್ತದೆ.

273 ಸುರುಳಿಗಾಗಿ ಕಾಯುವುದಿಲ್ಲ. ಡಬ್ಬಿಯಲ್ಲಿರುವ ಜೈರೊ ಸೆನ್ಸರ್ ಹಳಿ ಎಷ್ಟು ಬಾಗಿದೆ ಎಂದು ಅಳೆಯುತ್ತಲೇ ಇರುತ್ತದೆ. ಆ ಅಳತೆಯನ್ನು ಸಂಗ್ರಹದಲ್ಲಿರುವ ತಿರುವುಗಳ ನಕ್ಷೆಯೊಂದಿಗೆ ಹೋಲಿಸಿ ತನ್ನ ಜಾಗವನ್ನು ಆಗಾಗ ಸರಿಪಡಿಸಿಕೊಳ್ಳುತ್ತದೆ. ಪಶ್ಚಿಮ ಜಪಾನಿನ ರೈಲು ಕಂಪನಿ ಜೆಆರ್ ವೆಸ್ಟ್, ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ ಮತ್ತು ಕವಾಸಾಕಿ ಸೇರಿ ಇದನ್ನು ರೂಪಿಸಿದವು. ತಲೆಸುತ್ತಿನ ಅಳತೆಗೋಲಿನಲ್ಲಿ ಗರಿಷ್ಠ ಶೇ. 23ರಷ್ಟು ಸುಧಾರಣೆ ಎಂಬುದು ಜೆಆರ್ ವೆಸ್ಟ್ ಕೊಟ್ಟ ಅಂಕಿ. ‘ಗರಿಷ್ಠ’ ಎಂಬ ಪದವನ್ನು ಗಮನಿಸಿ. ತೊಂದರೆ ಪೂರ್ತಿ ಹೋಯಿತೆಂದು ಅವರೂ ಹೇಳಿಲ್ಲ. ನಾಲ್ಕು ಡಬ್ಬಿಗಳ 11 ಜೋಡಣೆಗಳು, ಒಟ್ಟು 44 ಡಬ್ಬಿ. ಬಣ್ಣ ಕಂಚಿನದು. 2024ರ ಏಪ್ರಿಲ್ 6ರಿಂದ ಓಡುತ್ತಿವೆ. ಅದೇ ಜೂನ್‌ನಲ್ಲಿ 381 ನಿತ್ಯದ ಓಟದಿಂದ ನಿವೃತ್ತವಾಯಿತು.

ಗಾಳಿ ತುಂಬಿದ ಸ್ಪ್ರಿಂಗಿನಿಂದಲೇ ವಾಲಿಸಬಹುದಲ್ಲ? ಇಷ್ಟೆಲ್ಲ ಸರ್ಕಸ್ ಏಕೆ? (ಹುಬ್ಬಳ್ಳಿ)

ವಾಲಿಸಬಹುದು, ಅಗ್ಗವೂ ಹೌದು. ಡಬ್ಬಿಯ ಕೆಳಗಿನ ಎರಡು ಏರ್ ಸ್ಪ್ರಿಂಗುಗಳಲ್ಲಿ ಹೊರಗಿನದಕ್ಕೆ ಹೆಚ್ಚು ಗಾಳಿ ತುಂಬಿದರೆ ಡಬ್ಬಿ ಒಳಕ್ಕೆ ಓರೆಯಾಗುತ್ತದೆ. ಶಿಂಕಾನ್‌ಸೆನ್‌ನ ಎನ್700 ಹೀಗೆ 1 ಡಿಗ್ರಿ ವಾಲಿ 2500 ಮೀಟರಿನ ತಿರುವನ್ನು ಗಂಟೆಗೆ 270 ಕಿ.ಮೀ.ನಲ್ಲಿ ದಾಟುತ್ತದೆ. ಆದರೆ ಈ ವಿಧಾನದಲ್ಲಿ 1ರಿಂದ 2 ಡಿಗ್ರಿಗಿಂತ ಹೆಚ್ಚು ದಕ್ಕದು, ಪ್ರತಿ ತಿರುವಿಗೂ ಗಾಳಿ ಖರ್ಚಾಗುತ್ತದೆ. ಶಿಕೊಕುವಿನಲ್ಲಿ 2017ರಲ್ಲಿ 2600 ಸರಣಿಯನ್ನು ಹೀಗೆಯೇ ಮಾಡಿ ನೋಡಿದರು. ದೊಸಾನ್ ಮಾರ್ಗದ ಸಾಲು ಸಾಲು ತಿರುವುಗಳಲ್ಲಿ ಗಾಳಿ ಸಾಲಲಿಲ್ಲ. ಎರಡೇ ಜೋಡಣೆಗಳಿಗೆ ನಿಲ್ಲಿಸಿ, 2019ರಲ್ಲಿ 2700 ಸರಣಿಗೆ ಮತ್ತೆ ಲೋಲಕಕ್ಕೇ ಮರಳಿದರು. ಹಕುಬಿ ಮಾರ್ಗಕ್ಕೂ ಅದೇ ನ್ಯಾಯ.

ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಗೆ ಇಂಥ ಡಬ್ಬಿ ತಂದರೆ ಬೆಂಗಳೂರು–ಮಂಗಳೂರು ಪ್ರಯಾಣ ಬೇಗ ಆಗದೇ? (ಪುತ್ತೂರು)

ಆಗದು. ಅಲ್ಲಿ ವೇಗವನ್ನು ಕಟ್ಟಿಹಾಕಿರುವುದು 50 ಮೀಟರಿಗೆ 1 ಮೀಟರ್ ಇಳಿಯುವ ಏರಿಳಿತ, ಬ್ರೇಕಿನ ಭದ್ರತೆ, ಕುಸಿಯುವ ಗುಡ್ಡ. ಗಂಟೆಗೆ 30 ಕಿ.ಮೀ.ನಲ್ಲಿ 175 ಮೀಟರಿನಷ್ಟು ಬಿಗಿಯಾದ ತಿರುವು ಬಂದರೂ ಹೊರಕ್ಕೆ ತಳ್ಳುವ ಬಲ ಗುರುತ್ವದ ಶೇ. 4 ಮಾತ್ರ. ವಾಲಿಸಲು ಅಲ್ಲಿ ಏನೂ ಬಾಕಿ ಇಲ್ಲ.

ನಾನು ಒಸಾಕಾದಲ್ಲಿದ್ದೇನೆ. ಊರಿಂದ ಬರುವ ಅಮ್ಮನನ್ನು ಮತ್ಸುಎಗೆ ಕರೆದೊಯ್ಯಬೇಕು. ಅವರಿಗೆ ಬಸ್ಸಿನಲ್ಲೂ ವಾಂತಿ. ಯಾವ ಸೀಟು, ಏನು ತಯಾರಿ?

ಮೊದಲು ಟಿಕೆಟ್. 2024ರ ಮಾರ್ಚ್‌ನಿಂದ ಯಕುಮೊದ ಎಲ್ಲ ಸೀಟುಗಳೂ ಮುಂಗಡ ಕಾಯ್ದಿರಿಸುವಂಥವು. ಹತ್ತಿ ಕೂರೋಣ ಎಂಬ ಲೆಕ್ಕ ಬೇಡ. ಜಪಾನ್ ರೈಲ್ ಪಾಸ್ ಅಲ್ಪಾವಧಿಗೆ ಬರುವ ಅಮ್ಮನಿಗೆ ಸಿಗುತ್ತದೆ, ಅಲ್ಲೇ ನೆಲೆಸಿರುವ ನಿಮಗಿಲ್ಲ. ಪಾಸ್ ಇಟ್ಟುಕೊಂಡು ‘ನೊಜೊಮಿ’ ಶಿಂಕಾನ್‌ಸೆನ್ ಹತ್ತಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಒಕಯಾಮದವರೆಗೆ ‘ಸಕುರಾ’ ಅಥವಾ ‘ಹಿಕಾರಿ’ ಶಿಂಕಾನ್‌ಸೆನ್ ಹಿಡಿಯಿರಿ.

ಸೀಟು ಡಬ್ಬಿಯ ನಟ್ಟನಡುವೆ ಇರಲಿ. ಎರಡು ತುದಿಗಳಲ್ಲಿ ಗಾಲಿಚೌಕಟ್ಟಿನ ಮೇಲೆಯೇ ಕೂತರೆ ಕುಲುಕಾಟ ಹೆಚ್ಚು. 273ರಲ್ಲಿ ಎದುರುಬದುರು ಕೂರುವ ಗುಂಪು ಆಸನಗಳಿವೆ, ನೋಡಲು ಬಲು ಚೆಂದ. ಆದರೆ ಅಲ್ಲಿ ಒಬ್ಬರು ಹಿಮ್ಮುಖವಾಗಿ ಕೂರಲೇಬೇಕು. ಅಮ್ಮನಿಗೆ ಅದು ಬೇಡ. ಇಜುಮೊ ಕಡೆಗೆ ಹೋಗುವಾಗ ಬಲಗಡೆಯ ಕಿಟಕಿ ಕೇಳಿ: ಯೊನಾಗೊ ಸಮೀಪಿಸುವಾಗ ದೈಸೆನ್ ಪರ್ವತವೂ, ಮತ್ಸುಎ ದಾಟಿ ಮುಂದೆ ಹೋದರೆ ಶಿಂಜಿ ಸರೋವರವೂ ಆ ಬದಿಗೇ ಬರುತ್ತವೆ. ದೂರದ ಬೆಟ್ಟ ನೋಡುತ್ತ ಕೂತರೆ ತಲೆ ಸುತ್ತುವುದೂ ಕಡಿಮೆ, ಮೊಬೈಲ್ ಚೀಲದೊಳಗಿರಲಿ.

ಕುರಾಶಿಕಿಯವರೆಗೆ ಹಳಿ ನೆಟ್ಟಗಿದೆ. ಕಷ್ಟವೆಲ್ಲ ಬಿಚ್ಚು-ತಕಹಾಶಿಯಿಂದ ಹೋಕಿ-ದೈಸೆನ್‌ವರೆಗೆ. ವೈದ್ಯರು ಹೇಳಿದ ಮಾತ್ರೆಯನ್ನು ಒಕಯಾಮದಲ್ಲಿ ರೈಲು ಹತ್ತುವ ಮೊದಲೇ ಕೊಡಿ. ಸುತ್ತು ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ ಬರುತ್ತದೆ. ರೈಲಿನಲ್ಲಿ ತಿಂಡಿ ಮಾರುವುದಿಲ್ಲ. ಒಕಯಾಮದಲ್ಲೇ ಕೊಳ್ಳಬೇಕು. ಸಸ್ಯಾಹಾರಿಗಳಾದರೆ ಅನ್ನದುಂಡೆಯಲ್ಲೂ ಮೀನಿನ ಸಾರ ಬೆರೆತಿರಬಹುದೆಂದು ನೆನಪಿಡಿ. ಮನೆಯಿಂದಲೇ ಚಪಾತಿ ಕಟ್ಟಿಕೊಂಡರೆ ನಿಶ್ಚಿಂತೆ.

ಟೋಕಿಯೊದಿಂದ ಇಜುಮೊಶಿಗೆ ಬರುವ ರಾತ್ರಿ ರೈಲು ‘ಸನ್‌ರೈಸ್ ಇಜುಮೊ’ ಕೂಡ ವಾಲುತ್ತದೆಯೇ? (ಶಿವಮೊಗ್ಗ)

ಇಲ್ಲ. ಅದರ 285 ಸರಣಿಯ ಮಲಗುವ ಡಬ್ಬಿಗಳಲ್ಲಿ ಲೋಲಕವಿಲ್ಲ. ಅದೇ ಹಕುಬಿ ಮಾರ್ಗದಲ್ಲಿ ಬಂದರೂ ತಿರುವುಗಳಲ್ಲಿ ವೇಗ ತಗ್ಗಿಸಿಕೊಂಡೇ ಬರುತ್ತದೆ.

ಹಳೆಯ 381ನ್ನು ಈಗ ಎಲ್ಲಿ ನೋಡಬಹುದು? (ಬೆಳಗಾವಿ)

ನಗೋಯದ ಎಸ್‌ಸಿ ಮ್ಯಾಗ್ಲೆವ್ ರೈಲ್ವೆ ಪಾರ್ಕ್ ಎಂಬ ರೈಲು ವಸ್ತುಸಂಗ್ರಹಾಲಯದಲ್ಲಿ ‘ಕುಹಾ 381-1’ ಇದೆ, ಶಿನಾನೊ ಓಡಿಸಿದ ಸರಣಿಯ ಮೊದಲ ಚಾಲಕ ಡಬ್ಬಿ. ಪಕ್ಕದಲ್ಲಿ ನಿಂತು ಚಾವಣಿಯ ಕಡೆ ನೋಡಿ: ಏಸಿಯ ಉಬ್ಬು ಎಲ್ಲೂ ಕಾಣುವುದಿಲ್ಲ.