ಪ್ರೋಗ್ರಾಮ್ ಬರೆಯುವ ಸಾಫ್ಟ್‌ವೇರ್ ವಿಎಸ್ ಕೋಡ್‌ನಲ್ಲಿ 30 ಟ್ಯಾಬ್ ತೆರೆದಿರುತ್ತವೆ, ಬೇಕಾದ ಫೈಲ್ ಸಿಗುವುದಿಲ್ಲ. ಏನು ಮಾಡಲಿ?

ಜಾಸ್ತಿ ಬಳಸುವ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ ಪಿನ್ ಮಾಡಿ. ಅದು ಎಡತುದಿಯಲ್ಲಿ ನಿಲ್ಲುತ್ತದೆ, ಉಳಿದ ಟ್ಯಾಬ್ ಮುಚ್ಚುವ 'ಕ್ಲೋಸ್ ಅದರ್ಸ್' ಒತ್ತಿದರೂ ಹೋಗುವುದಿಲ್ಲ. ನಾನು ಕಾಸರಗೋಡಿನ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಬರೆಯುತ್ತೇನೆ. ಇಲ್ಲಿ ಕನ್ನಡ, ಮಲಯಾಳ ಎರಡೂ ಬೇಕೇ ಬೇಕು, ಅಲ್ವಾ? ಹಾಗಾಗಿ ಎರಡೂ ಭಾಷೆಯ ಪದಗಳ ಫೈಲ್ ಪಿನ್ ಮಾಡಿ, ಸ್ಪ್ಲಿಟ್ ಮಾಡಿ ಅಕ್ಕಪಕ್ಕ ಇಟ್ಟುಕೊಳ್ಳುತ್ತೇನೆ. ಒಂದರಲ್ಲಿ ಪದ ಬಿಟ್ಟುಹೋದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಸೆಟ್ಟಿಂಗ್ಸ್‌ನಲ್ಲಿ 'ಎಡಿಟರ್ ಲಿಮಿಟ್' ಕೂಡ ಆನ್ ಮಾಡಿ. ಮಿತಿ 10 ಟ್ಯಾಬ್ ಅಂತ ಮೊದಲೇ ಇರುತ್ತದೆ. ದಾಟಿದರೆ ತುಂಬ ಹೊತ್ತು ಮುಟ್ಟದ ಟ್ಯಾಬ್ ತಾನೇ ಮುಚ್ಚುತ್ತದೆ, ಪಿನ್ ಮಾಡಿದ್ದು ಉಳಿಯುತ್ತದೆ. ಮುಚ್ಚಿದ ಫೈಲ್ ಮತ್ತೆ ಬೇಕಾದರೆ ಕಂಟ್ರೋಲ್-ಪಿ ಒತ್ತಿ ಹೆಸರಿನ ನಾಲ್ಕಕ್ಷರ ಹೊಡೆಯಿರಿ.